ಗುಮ್ಮಟದೂರಲ್ಲಿ ನೀರಿನ ಜಾಡು ಹಿಡಿದು

ರೈಲು ಇನ್ನೂ ನಿಲ್ದಾಣ ಮುಟ್ಟಿರಲಿಲ್ಲ, ಗೋಳಗುಮ್ಮಟ ಆಗಲೇ ಕಿಟಕಿಗೆ ಬಂದು ಕೂತಿತ್ತು. ನಮ್ಮ ತೀರ್ಥಹಳ್ಳಿ ಕಡೆ ಎದುರು ಮನೆ ಕಾಣಬೇಕಾದರೂ ನಾಲ್ಕು ಮರ ದಾಟಿ ಕತ್ತು ಚಾಚಬೇಕು. ಇಲ್ಲಿ ಕಣ್ಣಿಗೆ ಅಡ್ಡ ಬರುವುದೇ ಏನಿಲ್ಲ. ಆಕಾಶ ನೆಲಕ್ಕೆ ತಾಗುವ ಗೆರೆಯನ್ನು ನಾನು ಕಡಲದಂಡೆ ಬಿಟ್ಟರೆ ನೋಡಿದ್ದು ವಿಜಯಪುರದಲ್ಲೇ.

ಟಾಂಗಾ ಹತ್ತಿ ವಸತಿಗೃಹಕ್ಕೆ ಬಂದು ಸ್ನಾನಕ್ಕೆಂದು ನಲ್ಲಿ ತಿರುವಿದೆ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹುಡುಗ ಒಂದು ಬಕೆಟ್ ನೀರು ತಂದಿಟ್ಟ. “ಇವತ್ತ ನಳಾ ಬರೂ ದಿನ ಅಲ್ರಿ ಸರ. ಇದ್ರಾಗ ಹೊಂದಿಸ್ಕೋರಿ.” ನಳಕ್ಕೂ ವಾರದ ದಿನಗಳಿವೆಯೆಂದು ಅವತ್ತು ತಿಳಿಯಿತು. ನಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಇಲ್ಲಿ ಆರುನೂರು ಬಿದ್ದರೆ ಒಳ್ಳೆಯ ವರ್ಷ. ಆ ಒಂದು ಬಕೆಟ್ಟಿನಲ್ಲಿ ಮೈ ತೊಳೆದು, ಅಂಗಿ ಹಿಂಡಿ, ಒಂದು ತಂಬಿಗೆ ಉಳಿಸಿಯೂ ಬಿಟ್ಟೆ. ಊರಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಗೋಳಗುಮ್ಮಟದ ಮೇಲೆ ಶಾಲೆ ಮಕ್ಕಳ ದಂಡು. ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಗುಡುವವರು ಒಬ್ಬರೂ ಇಲ್ಲ, ಎಲ್ಲರದೂ “ಹೋ”. ಒಂದು “ಹೋ” ಏಳೆಂಟಾಗಿ ಮರಳಿ ಬಂದು ಕಿವಿಗೆ ಗುದ್ದುತ್ತದೆ. ಕೆಳಗೆ 1656ರಲ್ಲಿ ತೀರಿಕೊಂಡ ಸುಲ್ತಾನ ಮಹಮ್ಮದ್ ಆದಿಲ್‌ಶಾಹಿ ಮಲಗಿದ್ದಾನೆ, ಈ ಗದ್ದಲದಲ್ಲಿ ಹೇಗೆ ನಿದ್ದೆ ಮಾಡುತ್ತಾನೋ. ಒಬ್ಬನ ಸಾವಿಗೆ ಇಷ್ಟು ದೊಡ್ಡ ಗುರುತು. ಈ ಊರಿನ ಉಳಿದವರೆಲ್ಲ ಹೇಗೆ ಸತ್ತರು? ಪ್ರವಾಸಿಗನ ತಲೆಯಲ್ಲಿ ಏಳಬಾರದ ಪ್ರಶ್ನೆ ಅನ್ನಿ. ಆದರೆ ನಾನು ಮಲೇರಿಯಾದ ಸೀಮೆಯವನು. ಜ್ವರಕ್ಕೆ ಖಾಲಿಯಾದ ಮನೆಗಳ ಪಂಚಾಂಗ ನಮ್ಮ ಕಾಡಿನೊಳಗೆ ಈಗಲೂ ಕಾಲಿಗೆ ಎಡವುತ್ತದೆ. ಆ ಪ್ರಶ್ನೆ ನಮಗೆ ಮನೆಯಿಂದಲೇ ಅಂಟಿಕೊಂಡು ಬರುತ್ತದೆ.

ಚರಿತ್ರೆ ಒಂದು ಉತ್ತರ ಬರೆದಿಟ್ಟಿದೆ. 1686ರಲ್ಲಿ ಔರಂಗಜೇಬ ಈ ಊರನ್ನು ಗೆದ್ದ. ಎರಡೇ ವರ್ಷಕ್ಕೆ, 1688ರಲ್ಲಿ, ಅವನ ಪಾಳೆಯಕ್ಕೆ ಪ್ಲೇಗು ನುಗ್ಗಿತು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು; ಮೇಲೆ ಜ್ವರ; ಆಮೇಲೆ ಸಾವು. ಬಾದಶಹನ ಹೆಂಡತಿ ಔರಂಗಾಬಾದಿ ಮಹಲ್ ಇಲ್ಲೇ ತೀರಿಕೊಂಡಳು. ಅವನ ದೊಡ್ಡ ಸರದಾರ ಫಿರೋಜ್ ಜಂಗ್ ಬದುಕಿದ, ಕಣ್ಣು ಹೋದವು. ಆ ಕುರುಡ ಸರದಾರನ ಮಗನೇ ಮುಂದೆ ಹೈದರಾಬಾದಿನ ಮೊದಲ ನಿಜಾಮ. ಫಿರಂಗಿಗೆ ಹದಿನೆಂಟು ತಿಂಗಳು ಬಗ್ಗದ ಕೋಟೆಯೊಳಗೆ ರೋಗ ಹೇಳದೆ ಕೇಳದೆ ಬಂದು ಹೋಯಿತು.

ಅಲ್ಲಿಂದ ತಾಜ್ ಬಾವಡಿ. ಇದು ಬಾವಿಯೇ? ನಮ್ಮಲ್ಲಿ ಬಾವಿ ಎಂದರೆ ರಾಟೆ, ಹಗ್ಗ, ಕೊಡ, ಜೊತೆಗೆ ಬಗ್ಗಬೇಡ ಎಂದು ಬಯ್ಯುವ ಒಬ್ಬಳು ಅಜ್ಜಿ. ಇದು ಒಂದೊಂದು ಬದಿಗೆ 223 ಅಡಿ ಹರಡಿದ, 52 ಅಡಿ ಆಳದ ನೀರಿನ ಅಂಗಳ. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ರಾಣಿ ತಾಜ್ ಸುಲ್ತಾನಾಳ ಹೆಸರಲ್ಲಿ 1620ರಲ್ಲಿ ಕಟ್ಟಿದ್ದು. ಕಮಾನಿನಡಿ ನಿಂತರೆ ಬಿಸಿಲೂರಿನ ನಡುವೆ ಗುಹೆಯ ತಂಪು ಮುಖಕ್ಕೆ ಬಡಿಯುತ್ತದೆ. ಮೆಟ್ಟಿಲು ನೀರಿನೊಳಗೇ ಇಳಿದುಹೋಗುತ್ತವೆ. ನಾನು ಬಾಯಿ ತೆರೆದು ನಿಂತದ್ದು ಕಂಡು ಕಟ್ಟೆಯ ಮೇಲೆ ಕೂತಿದ್ದ ರುಮಾಲಿನ ಕಾಕಾ ನಕ್ಕರು.

“ಎಲ್ಲಿಂದ ಬಂದೀರಿ?”

ಹೇಳಿದೆ.

“ನಿಮ್ಮಲ್ಲಿ ಬಾಳ ಮಳಿ ಅಲ್ರಿ? ಛಲೋ ಆತು ನೋಡ್ರಿ, ನಿಮ್ಗ ನಾರು ಆಗಿರಾಕಿಲ್ಲ.” ಹಾಗಂದವರೇ ಧೋತರ ಮೇಲೆತ್ತಿ ಮೀನಖಂಡದ ಕೆಳಗಿನ ಒಂದು ಬಿಳಿ ಕಲೆ ತೋರಿಸಿದರು. “ಇದು ಈ ಬಾವಡಿದಲ್ಲ, ನಮ್ಮ ಹಳ್ಳಿ ಬಾವೀದು. ಬೊಕ್ಕಿ ಒಡದು ದಾರ ಬಂದಂಗ ಬರತಿತ್ತು. ಕಡ್ಡಿಗೆ ಸುತ್ತೂದು. ದಿನಕ್ಕಿಷ್ಟು, ದಿನಕ್ಕಿಷ್ಟು. ಎಳದ್ರ ಹರೀತಿತ್ತು, ಹರದ್ರ ಕಾಲೆಲ್ಲಾ ಕೀವು.”

ನಾರು ಹುಣ್ಣು. ಪುಸ್ತಕದಲ್ಲಿ ಓದಿದ್ದ ರೋಗ ಕಾಲು ಎತ್ತಿ ತೋರಿಸುತ್ತ ಎದುರಿಗೇ ಕೂತಿದೆ. ಸುಮಾರು ಒಂದು ಮೀಟರು ಉದ್ದದ ಹುಳ. ಬೊಕ್ಕೆಯ ಉರಿ ತಾಳದೆ ರೋಗಿ ಮೆಟ್ಟಿಲ ಬಾವಿಗಿಳಿದು ಕಾಲು ನೀರಿಗಿಟ್ಟರೆ ಹುಳ ಮರಿಗಳನ್ನು ಬಿಡುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರಚಿಗಟ ಅವನ್ನು ನುಂಗುತ್ತದೆ. ಆ ನೀರು ಕುಡಿದವನ ಕಾಲಿನಿಂದ ಮುಂದಿನ ವರ್ಷ ಹುಳ ಹೊರಗೆ ಇಣುಕುತ್ತದೆ. ಬರೆದದ್ದು ಓದುವಾಗಲೇ ಮೈ ಜುಮ್ಮೆನ್ನುವ ಈ ಸರಪಳಿಗೆ ಬೇಕಾದದ್ದು ಒಂದೇ: ಕಾಲು ನೀರಿಗೆ ಮುಟ್ಟುವ ಮೆಟ್ಟಿಲು. ಈಗಷ್ಟೇ ನಾನು ಬೆರಗಿನಿಂದ ಎಣಿಸುತ್ತಿದ್ದಂಥದ್ದೇ! 1980ರ ದಶಕದಲ್ಲಿ ಸರ್ಕಾರ ಹಳ್ಳಿಗಳ ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿಸಿತು, ಕೊಳವೆಬಾವಿ ಕೊರೆಸಿತು, ನೀರು ಸೋಸಲು ಬಟ್ಟೆ ಹಂಚಿತು. 1996ರ ಬಳಿಕ ಭಾರತದಲ್ಲಿ ಒಬ್ಬರಿಗೂ ನಾರು ಬಂದಿಲ್ಲ. 2000ದಲ್ಲಿ ದೇಶ ಅದರಿಂದ ಮುಕ್ತ ಎಂದು ಸಾರಲಾಯಿತು. ಇದಕ್ಕೆ ಲಸಿಕೆಯೂ ಇರಲಿಲ್ಲ, ಔಷಧಿಯೂ ಇರಲಿಲ್ಲ. ಗೋಳಗುಮ್ಮಟದಷ್ಟೇ ದೊಡ್ಡ ಕೆಲಸ ಇದು ಎಂಬುದು ನನ್ನ ತೀರ್ಮಾನ. ಗುಮ್ಮಟಕ್ಕೆ ಟಿಕೆಟ್ ಇದೆ, ಇದಕ್ಕೊಂದು ಫಲಕವೂ ಕಾಣಲಿಲ್ಲ.

ಪೇಟೆಯಲ್ಲಿ ನಡೆಯುತ್ತಿದ್ದರೆ ಅಲ್ಲಲ್ಲಿ ಕಿಟಕಿ ಬಾಗಿಲಿಲ್ಲದ ಕಲ್ಲಿನ ಚೌಕ ಗೋಪುರಗಳು ಕಾಣುತ್ತವೆ. ಕಾವಲು ಬುರುಜು ಎಂದುಕೊಂಡೆ. ಅಲ್ಲವಂತೆ, ನೀರಿನ ಗಂಜ್. ಇಪ್ಪತ್ತೈದರಿಂದ ನಲವತ್ತು ಅಡಿ ಎತ್ತರ. ಪಶ್ಚಿಮದ ತೊರವಿಯಿಂದ ಸುರಂಗದಲ್ಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲೂ ನೀರು ಊರಿಗೆ ಬರುತ್ತಿತ್ತು. ಕೊಳವೆಯ ಸುತ್ತ ಗಾರೆ-ಕಲ್ಲಿನ ಕವಚ. ಒತ್ತಡಕ್ಕೆ ಕೊಳವೆ ಒಡೆಯದಂತೆ ನೀರು ದಾರಿಯಲ್ಲಿ ಒಮ್ಮೆ ಗಂಜ್ ಹತ್ತಿ ಇಳಿಯಬೇಕು. ಹತ್ತಿ ಇಳಿಯುವಾಗ ಹೂಳು ತಳ ಸೇರುತ್ತದೆ. ನಮ್ಮಜ್ಜನೂ ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆ ಜೋಡಿಸಿ ಬಚ್ಚಲಿಗೆ ನೀರು ತಂದಿದ್ದ. ಲೆಕ್ಕ ಅದೇ, ನೀರು ಇಳಿಜಾರಿಗೆ ಓಡುತ್ತದೆ. ಆದರೆ ಅಜ್ಜನ ದಬ್ಬೆ ಬಾಯಿ ತೆರೆದದ್ದು. ನೀರಿನ ಜೊತೆ ತರಗೆಲೆಯೂ ಒಂದೊಂದು ಕಪ್ಪೆಯೂ ಸ್ನಾನಕ್ಕೆ ಬರುತ್ತಿದ್ದವು.

ಕಪ್ಪೆಗಿಂತ ಕೆಟ್ಟದ್ದೂ ನೀರಿನ ಜೊತೆ ಬರುತ್ತದೆ. ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ 1854ರಲ್ಲಿ ಒಂದೇ ಪಂಪಿನ ನೀರು ಕುಡಿದು ಆರುನೂರಕ್ಕೂ ಹೆಚ್ಚು ಜನ ಕಾಲರಾಕ್ಕೆ ಬಲಿಯಾದರು. ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳಲ್ಲಿ ವಿಚಾರಿಸಿ ಪಂಪಿನ ಹಿಡಿಕೆ ತೆಗೆಸಿದ, ಆಮೇಲೆ ಆ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದ. ಅದಕ್ಕೂ ಇನ್ನೂರು ವರ್ಷ ಮೊದಲು ಇಲ್ಲಿ ಮುಚ್ಚಿದ ಕೊಳವೆಯಲ್ಲಿ ನೀರು ಹರಿಯುತ್ತಿತ್ತು ಎಂದಾಗ ಎದೆ ಉಬ್ಬುತ್ತದೆ, ನಿಜ. ಆದಿಲ್‌ಶಾಹಿಗಳಿಗೆ ಕ್ರಿಮಿ ಗೊತ್ತಿತ್ತು ಎಂದು ಮಾತ್ರ ಹಬ್ಬಿಸಬೇಡಿ. ಬಿಸಿಲಿಗೆ ನೀರು ಆರಬಾರದು, ದಾರಿಯಲ್ಲಿ ಸೋರಬಾರದು ಎಂದು ಅವರು ಮುಚ್ಚಿದ್ದಿರಬೇಕು.

ವಿಕ್ಟೋರಿಯಾ ರಾಣಿಯ ಕಾಲಕ್ಕೆ ಈ ಊರು ಪಾಳುಗೋಡೆಗಳ ನಡುವಿನ ಸಣ್ಣ ಪೇಟೆ. 1881ರಲ್ಲಿ ಹನ್ನೊಂದು ಸಾವಿರದಷ್ಟು ಜನ. ಜಿಲ್ಲೆಯ ಕಚೇರಿ ಇದ್ದದ್ದು ಕಲಾದಗಿಯಲ್ಲಿ. 1884ರಲ್ಲಿ ರೈಲು ಬಂತು, ಮರುವರ್ಷದ ಹೊತ್ತಿಗೆ ಕಚೇರಿಗಳೂ ಇಲ್ಲಿಗೆ ಬಂದವು. ಸಾಹೇಬರಿಗೆ ಕಟ್ಟಡ ಕಟ್ಟುವ ಶ್ರಮವೇ ಇರಲಿಲ್ಲ: ಒಂದು ಮಸೀದಿ ಅಂಚೆ ಕಚೇರಿಯಾಯಿತು, ಇನ್ನೊಂದು ಪ್ರವಾಸಿ ಬಂಗಲೆ. ಆಮೇಲೆ ವೈಸರಾಯ್ ಲಾರ್ಡ್ ಕರ್ಜನ್ ಬಂದು ಎರಡನ್ನೂ ಅಲ್ಲಿಂದ ಎಬ್ಬಿಸಿದ. ನಾನು ಫೋನಿನಲ್ಲಿ ಇಟ್ಟುಕೊಂಡಿದ್ದ ಈ ಜಿಲ್ಲೆಯ ಗ್ಯಾಝೆಟಿಯರ್ ಅಚ್ಚಾದದ್ದೂ 1884ರಲ್ಲೇ. ಅದೇ ವರ್ಷ ರಾಬರ್ಟ್ ಕಾಕ್ ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ಕಾಲರಾದ ಕ್ರಿಮಿ ಹಿಡಿದ. ಆ ಕಾಲದ ಸಾವಿನ ಲೆಕ್ಕದಲ್ಲಿ ಮಾತ್ರ ಕೆಲವೇ ಕಲಮುಗಳು: ಕಾಲರಾ, ಸಿಡುಬು, ಜ್ವರ, ಹೊಟ್ಟೆಬೇನೆ, ಗಾಯ, ಇತರೆ. ಹಳ್ಳಿಯ ಗೌಡ ಕುಲಕರ್ಣಿಗಳು ಹೇಳಿ ಬರೆಸಿದ್ದು. ಏನೆಂದು ತಿಳಿಯದ ಸಾವೆಲ್ಲ “ಜ್ವರ”ಕ್ಕೆ ಹೋಗಿ ಬೀಳುತ್ತಿತ್ತು.

ತೊರವಿ ಅಥಣಿ ದಾರಿಯಲ್ಲಿ ಐದಾರು ಕಿಲೋಮೀಟರು. ಕುಮಾರವಾಲ್ಮೀಕಿಯ ತೊರವೆ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಇದು. ಇಲ್ಲಿಯ ನರಸಿಂಹನಿಗೆ ಕೈಮುಗಿದು ಹೊರಬಂದೆ. ಹುಡುಗನೊಬ್ಬ ಹೊಲದ ನಡುವೆ ಒಂದು ಕಿಂಡಿ ತೋರಿಸಿ, “ಇದರಾಗ ಇಳದ್ರ ಬಿಜಾಪುರಕ್ಕ ಹೋಗಬಹುದು” ಅಂದ. ಸುರಂಗದ ನೀರುದಾರಿಯ ಗಾಳಿಕಿಂಡಿ ಅದು. ಇಣುಕಿದೆ. ಕತ್ತಲೆ, ಬಾವಲಿ ವಾಸನೆ. ಇಳಿಯಲಿಲ್ಲ, ಬಸ್ಸಿಗೆ ಕಾದೆ.

ತಿಕೋಟಾ ಬರುವಷ್ಟರಲ್ಲಿ ದಾರಿಯ ಎರಡೂ ಬದಿ ದ್ರಾಕ್ಷಿ. ಬರದ ನಾಡು ಎಂದು ಮನಸ್ಸಿನಲ್ಲಿ ಚಿತ್ರ ಬರೆದುಕೊಂಡು ಬಂದವನಿಗೆ ಮೋಸವಾದಂತೆ! ಶೆಡ್ಡುಗಳಲ್ಲಿ ಬಲೆ ಮೇಲೆ ಬಲೆ ಹಾಸಿ ಒಣದ್ರಾಕ್ಷಿ ಮಾಡುತ್ತಾರೆ. ಗಾಳಿಗೇ ಸಿಹಿ ಅಂಟಿದೆ. ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. “ಇನ್ನೊಂದ್ ಹಾಕ್ಲೇನ್ರಿ ಅಣ್ಣಾರ?” ಎಂದು ಅಕ್ಕಾರು ಕೇಳುವುದೂ ರೊಟ್ಟಿ ಎಲೆಗೆ ಬೀಳುವುದೂ ಒಂದೇ ಹೊತ್ತಿಗೆ. ಮೂರನೆಯ ರೊಟ್ಟಿಗೆ ನಮ್ಮ ಅನ್ನದ ಹೊಟ್ಟೆ ಶರಣಾಯಿತು.

ಈ ಹೊಲಗಳಲ್ಲೇ 1876ರಲ್ಲಿ ಮಳೆ ಕೈಕೊಟ್ಟಿತು. 1872ರ ಗಣತಿಯಲ್ಲಿ 8 ಲಕ್ಷ ದಾಟಿದ್ದ ಕಲಾದಗಿ ಜಿಲ್ಲೆಯ ಜನ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದರು. ಐವರಲ್ಲಿ ಒಬ್ಬರು ಲೆಕ್ಕದಿಂದ ಮಾಯ. ಎಲ್ಲರೂ ಸತ್ತವರಲ್ಲ, ನಿಜಾಮನ ಸೀಮೆಗೆ ಗುಳೆ ಹೋದವರೂ ಇದ್ದರು. ಹಸಿದವನನ್ನು ಹಸಿವೆಯೇ ಕೊಲ್ಲುವುದು ಕಡಿಮೆ. ತಳ ಕಂಡ ಬಾವಿಯ ರಾಡಿ, ಗಂಜಿ ಕೇಂದ್ರದ ಗುಂಪು, ಅಲ್ಲಿಗೆ ಬರುವ ಕಾಲರಾ, ಇವು ಕೊಲ್ಲುತ್ತವೆ. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಒಡೆದವನಿಗೆ ಒಂದು ಪೌಂಡು ಕಾಳು, ಮೇಲೆ ಪುಡಿಗಾಸು ಸಾಕೆಂದು ಸರ್ಕಾರದ ಬರ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ್ದ. ಒಂದು ಪೌಂಡು ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ನನ್ನ ಎಲೆಯ ಮೂರನೆಯ ರೊಟ್ಟಿಯನ್ನು ಅಕ್ಕಾರಿಗೆ ಮರಳಿಸಲು ಮನಸ್ಸಾಗಲಿಲ್ಲ, ತಿಂದೆ.

ಪಕ್ಕದ ಮೇಜಿನ ಹಿರಿಯರು ತಮ್ಮ ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಮಾತು ನೆನಪಿಸಿಕೊಂಡರು: ಅಟ್ಟದಿಂದ ಇಲಿ ಸತ್ತು ಬಿತ್ತೆಂದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕುವುದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲು ಹಿಡಿದು ಈ ಕಡೆಗೂ ಇಳಿಯಿತು. ಬರಗಾಲಕ್ಕೆ ಕಾಳು ತರಲಿ ಎಂದು ಹಾಕಿಸಿದ ರೈಲು ಕಾಳಿನ ಚೀಲದೊಳಗೆ ಇಲಿಯನ್ನೂ ತಂದಿತು.

ತಿಕೋಟಾದಿಂದ ಬಬಲೇಶ್ವರಕ್ಕೆ ಬಸ್ಸು “ಈಗ ಬರ್ತದ್ರಿ”. ಈ ಊರಿನ “ಈಗ”ಕ್ಕೆ ಒಂದೂವರೆ ತಾಸು. ಕೊನೆಗೆ ಟಂಟಂ ಹತ್ತಿದೆ. ಆರು ಜನರ ಜಾಗದಲ್ಲಿ ಹನ್ನೊಂದು ಜನ, ಎರಡು ಮೂಟೆ, ಒಂದು ಮೇಕೆ. ನನ್ನ ಮೊಣಕಾಲಿಗೆ ತಾಗಿ ಕೂತವರು ಒಬ್ಬ ಆಶಾ ಕಾರ್ಯಕರ್ತೆ, ಮಡಿಲಲ್ಲಿ ದಪ್ಪ ರಿಜಿಸ್ಟರು. ಬಸುರಿಯರು, ಹುಟ್ಟಿದ ಕೂಸುಗಳು, ತೀರಿಕೊಂಡವರು, ಎಲ್ಲರೂ ಅದರಲ್ಲಿದ್ದಾರೆ. ನಾನು ಆ ಹಳೆಯ “ಜ್ವರ”ದ ಕಲಮಿನ ವಿಷಯ ಹೇಳಿದೆ. “ಹಂಗ ಬರದ್ರ ನಮ್ಮ ಮೇಡಂ ಬಿಡಂಗಿಲ್ರಿ ಸರ, ಯಾವ ಜ್ವರಾ ಅಂತ ಕೇಳ್ತಾರ” ಅಂದರು. ಅವರು ಅವತ್ತು ಹೊರಟಿದ್ದು ಮನೆಮನೆಯ ಡ್ರಮ್ಮು ಇಣುಕಿ ಲಾರ್ವಾ ಹುಡುಕಲು. ನಳ ದಿನಾ ಬರುವುದಿಲ್ಲ, ಜನ ನೀರು ಹಿಡಿದಿಡುತ್ತಾರೆ, ಮುಚ್ಚದ ಡ್ರಮ್ಮಿನಲ್ಲಿ ಡೆಂಗಿಯ ಸೊಳ್ಳೆ ಮೊಟ್ಟೆಯಿಡುತ್ತದೆ. ನಮ್ಮ ಮಲೆನಾಡಿನ ಸೊಳ್ಳೆ ನೀರು ಹೆಚ್ಚಾಗಿ ಹುಟ್ಟಿದರೆ ಇಲ್ಲಿಯದು ನೀರು ಸಾಲದೆ ಹುಟ್ಟುತ್ತದೆ.

ಬಬಲೇಶ್ವರದ ಸುತ್ತ ಈಗ ಕೃಷ್ಣೆಯ ನೀರು ಏತ ನೀರಾವರಿಯಲ್ಲಿ ದಿಬ್ಬ ಹತ್ತಿ ಬರುತ್ತದೆ. ಮಹಮ್ಮದ್ ಆದಿಲ್‌ಶಾಹಿ ಕಟ್ಟಿಸಿದ ಮಮದಾಪುರದ ಕೆರೆಗೂ ಅದೇ ನೀರು. ದಂಡೆಯ ಮೇಲೆ ನಿಂತೆ. ಅಲೆ ಕಲ್ಲಿಗೆ ಬಡಿಯುವ ಸದ್ದಿಗೆ ಕಣ್ಣು ಮುಚ್ಚಿದರೆ ಊರಲ್ಲಿ ತುಂಗೆಯ ದಡದಲ್ಲಿದ್ದಂತೆ. ಕಣ್ಣು ತೆರೆದರೆ ಮತ್ತೆ ಆ ಮುಗಿಯದ ಬಯಲು. ಮರಳುವಾಗ ಸಾರವಾಡದ ಹತ್ತಿರ ಡೋಣಿ ದಾಟಿದೆವು. ಕರಿ ಎರೆಗೆ ಜೋಳ ಕೊಡುವ ನದಿ, ಬಾಯಿಗೆ ಹಾಕಿದರೆ ಉಪ್ಪು. ನದಿ ಇದ್ದೂ ಕುಡಿಯಲು ಬಾರದ ನೀರು ನೋಡಿದ್ದು ಇದೇ ಮೊದಲು.

ರಾತ್ರಿ ಕೋಣೆಯಲ್ಲಿ ಬಕೆಟ್ಟಿಗೆ ಮುಚ್ಚಳ ಕೇಳಿದೆ. ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿ ಒಂದು ಪರಾತ ತಂದು ಮುಚ್ಚಿದ.

ಬೆಳಿಗ್ಗೆ ರೈಲಿಗೆ ಮುನ್ನ ಇನ್ನೊಮ್ಮೆ ತಾಜ್ ಬಾವಡಿಗೆ ಹೋದೆ. ಹಸಿರು ನೀರಿನ ಒಂದು ಮೂಲೆಯಲ್ಲಿ ಹದಿನಾಲ್ಕು ಪ್ಲಾಸ್ಟಿಕ್ ಬಾಟಲಿ ತೇಲುತ್ತಿದ್ದವು. ನೀವು ಹೋದರೆ ನಿಮ್ಮ ಬಾಟಲಿ ಚೀಲದಲ್ಲೇ ಇಟ್ಟುಕೊಂಡು ಬನ್ನಿ.