ರ್ಯಾಮ್ ಅಂದ್ರ ಅಡಿಗಿ ಕಟ್ಟಿ

ನಮ್ಮ ಮನಿಗೆ ಬಂದವರು ಟಿವಿ ಹಿಂದಿನ ಸಣ್ಣ ಡಬ್ಬಿ ನೋಡಿ, "ಇದೇನ್ರೀ ವೈನಿ, ಸೆಟ್‌ಟಾಪ್ ಬಾಕ್ಸ್ ಏನು?" ಅಂತ ಕೇಳ್ತಾರ. ಅಲ್ರೀ, ಅದು ಪೂರಾ ಒಂದು ಕಂಪ್ಯೂಟರ್. ಹೆಸರು ರಾಸ್ಪ್‌ಬೆರಿ ಪೈ. ಹುಡುಗರು ಕಂಪ್ಯೂಟರ್ ಕಲೀಲಿ ಅಂತ ಇಂಗ್ಲಂಡಿನವರು 2012ರಾಗ ಮೊದಲನೇದು ತಂದ್ರು. ನಮ್ಮದು 2016ರ ಮೂರನೇ ಪೈ, ಒಂದು ಜಿಬಿ ರ್ಯಾಮಿಂದು. ಮಗ ಹಚ್ಚಿಕೊಟ್ಟು ಪುಣೆಕ್ಕ ನೌಕರಿಗೆ ಹೋದ. ಅದರಾಗ ಮನೀ ಫೋಟೋ ಒಂದರ ಹಿಂದ ಒಂದು ಟಿವಿ ಮ್ಯಾಲೆ ಬರ್ತಾವ. ಮತ್ತ ನಮ್ಮವ್ವನ 38 ಹಾಡು ಅವ. ಬೀಸೂ ಹಾಡು, ಆರತಿ ಹಾಡು, ತೊಟ್ಟಿಲ ಹಾಡು. ಅವ್ವ ಈಗಿಲ್ಲ. ರೆಕಾರ್ಡ್ ಮಾಡಿದ ಫೋನೂ ಕೆಟ್ಟು ಹೋಗ್ಯದ.

ಶ್ರಾವಣದಾಗ ಡಬ್ಬಿ ಕಾಡಲಿಕ್ಕೆ ಸುರು ಮಾಡ್ತು. ಮುಂಜಾನೆ ಛಲೋ ನಡೀತಿತ್ತು. ಸಂಜೀಕ ದೀಪ ಹಚ್ಚೂ ಹೊತ್ತಿಗೆ ಹಾಡು ತಡದು ತಡದು ಬರೂದು, ಮೌಸ್ ಸರಿಸಿದ್ರ ಬಾಣ ಅಲ್ಲೇ ನಿಂದ್ರೂದು. ಒಂದೊಂದು ರಾತ್ರಿ ಫೋಟೋ ತಾವಾಗೇ ಮಾಯ ಆಗಿ ಡಬ್ಬಿ ಮತ್ತ ಹುಷಾರಾಗೂದು. ನಮ್ಮ ಮನಿಯವರು, "ವಾಯರ್ ಕಿತ್ತಿ ಮತ್ತ ಹಾಕು, ಇಲ್ಲಾಂದ್ರ ಹೊಸಾದು ತರೂಣು" ಅಂದ್ರು. ಕಾರ್ಡಿನ ಮ್ಯಾಲೆ ಏನರೆ ಬರೀತಿರಬೇಕಾದ್ರ ವಾಯರ್ ಕಿತ್ರ ಒಳಗಿನದೇ ಕೆಡಬಹುದು ಅಂತ ಮಗ ಹೇಳಿದ್ದ. ಅದಕ್ಕ ನಾ ಬ್ಯಾಡ ಅಂದೆ. ಮರುದಿನ ಮುಂಜಾನೆ, ಡಬ್ಬಿ ಹುಷಾರಿದ್ದಾಗ, ಮೊದಲ 38 ಹಾಡೂ ಪೆನ್‌ಡ್ರೈವಿಗೆ ಇಳಿಸಿಕೊಂಡೆ. ರಿಪೇರಿ ಆಮ್ಯಾಲೆ.

ಫೋನಿನ್ಯಾಗ ಮಗ ತಿಳಿಸಿ ಹೇಳಿದ. ಮೆಮರಿ ಅಂದ್ರ ಎರಡು. ಒಂದು ಕಾರ್ಡು, ಅದು ನಮ್ಮ ಅಟ್ಟ ಇದ್ಧಂಗ, ಇಟ್ಟದ್ದು ಇರ್ತದ. ಇನ್ನೊಂದು ರ್ಯಾಮ್, ಅದು ಅಡಿಗಿ ಕಟ್ಟಿ. ಕೆಲಸಾ ನಡಿಯೂದು ಅಲ್ಲೇ. ಅಟ್ಟ ಖಾಲಿ ಇದ್ರೂ ಕಟ್ಟಿ ತುಂಬಿದ್ರ ಲಟ್ಟಿಸಲಿಕ್ಕೆ ಜಾಗಾ ಎಲ್ಲಿ? ಈ ಪೈದಾಗ ರ್ಯಾಮ್ ಬೆಸುಗಿ ಹಾಕಿರ್ತಾರ, ಬ್ಯಾರೆ ತಂದು ಕೂಡಿಸಲಿಕ್ಕೆ ಬರೂದಿಲ್ಲ. ಇದ್ದ ಕಟ್ಟಿನೇ ಹಸನಾಗಿ ಇಟ್ಕೋಬೇಕು.

ಟಿವಿ ಮೂಲ್ಯಾಗ ಮಿಂಚಿನ ಗುರ್ತು ಬರ್ತದೇನು ಅಂತ ಮೊದಲ ನೋಡಿಸಿದ. ಬಂದ್ರ ಕರೆಂಟು ಕಡಿಮಿ ಬೀಳಲಿಕ್ಹತ್ತದ ಅಂತ ಅರ್ಥ, ಆವಾಗೂ ಡಬ್ಬಿ ನಿಧಾನ ಆಗ್ತದ. ಈ ಪೈಗೆ 5.1 ವೋಲ್ಟ್, 2.5 ಆಂಪಿಯರ್ ಚಾರ್ಜರ್ ಬೇಕು. ನಮ್ಮದು ಅದೇ ಇತ್ತು, ಮಿಂಚು ಬರಲಿಲ್ಲ.

ಆಮ್ಯಾಲೆ ಕಪ್ಪು ಕಿಟಕಿ ತಗದು ಫ್ರೀ, ಸ್ಪೇಸ್, ಹೈಫನ್, ಎಚ್ ಅಂತ ಹೊಡಿಲಿಕ್ಕೆ ಹೇಳಿದ. ಒಂದು ಕೋಷ್ಟಕ ಬರ್ತದ. ಅದರಾಗ 'ಫ್ರೀ' ಅನ್ನೂ ಅಂಕಿ ಕಡಿಮಿ ಇದ್ರ ಅಂಜಬಾರದು. ಖಾಲಿ ರ್ಯಾಮಿನ್ಯಾಗ ಲಿನಕ್ಸ್ ಕಾರ್ಡಿನ ಕಡತ ತಂದು ಇಟ್ಕೊಂಡಿರ್ತದ, ಬೇಕಾದಾಗ ಬಿಟ್ಟು ಕೊಡ್ತದ. 'ಅವೇಲಬಲ್' ಅನ್ನೂದನ್ನ ನೋಡಬೇಕು. ನಾ ಹಾಲಿನ ಲೆಕ್ಕದ ವಹ್ಯಾಗ ಬರದು ಇಟ್ಟೆ: ಮುಂಜಾನೆ 610 ಎಂಬಿ, ಮಧ್ಯಾಹ್ನ 340, ಸಂಜೀಕ 60. ಮೂರು ದಿನಾನೂ ಹಿಂಗ ಇಳೀತು. ಒಮ್ಮೆಲೇ ಅಲ್ಲ, ದಿನಾ ಯಾರೋ ಸಾವಕಾಶ ತಿನ್ನಲಿಕ್ಹತ್ಯಾರ ಅಂತ ಗೊತ್ತಾತು.

ಯಾರು ಅಂತ ಹುಡುಕಲಿಕ್ಕೆ 'ಟಾಪ್' ಅಂತ ಹೊಡದು ದೊಡ್ಡ ಎಮ್ ಒತ್ತಿದೆ. ಹೆಚ್ಚು ರ್ಯಾಮ್ ತಿನ್ನೂದು ಮ್ಯಾಲೆ ಬಂತು. ಫೋಟೋ ತೋರಿಸೂ ಪ್ರೋಗ್ರಾಮು! ಮುಂಜಾನೆ ನೂರಕ್ಕ 12, ಸಂಜೀಕ 70. ಸಂಡಿಗಿ ಡಬ್ಬ್ಯಾಗ ಎಷ್ಟಿರ್ತದ, ಕರದ ಮ್ಯಾಲೆ ಎಷ್ಟಾಗ್ತದ? ಫೋಟೋನೂ ಹಂಗ. ಕಾರ್ಡಿನ್ಯಾಗ 4 ಎಂಬಿ ಇದ್ದ 12 ಮೆಗಾಪಿಕ್ಸೆಲ್ ಫೋಟೋ ತಗದ್ರ ಒಂದೊಂದು ಚುಕ್ಕಿಗೆ 3 ಬೈಟ್ ಹಿಡದು 36 ಎಂಬಿ ಆಗ್ತದ. ಈ ಪ್ರೋಗ್ರಾಮು ತೋರಿಸಿದ ಫೋಟೋದಾಗ ಕೆಲವು ವಾಪಸ್ ಬಿಡ್ತಿದ್ದಿಲ್ಲ. ಅಡಿಗಿ ಆದ ಮ್ಯಾಲೂ ಪಾತ್ರಿ ಕಟ್ಟಿ ಮ್ಯಾಲೇ ಬಿಟ್ಟಂಗ.

ಕಟ್ಟಿ ತುಂಬಿದಾಗ ಲಿನಕ್ಸ್ ಕೆಲವು ಸಾಮಾನು ಅಟ್ಟಕ್ಕ ಸಾಗಸ್ತದ. ಅದಕ್ಕ ಸ್ವಾಪ್ ಅಂತಾರ. ನಮ್ಮದರಾಗ 100 ಎಂಬಿ. ಕಾರ್ಡು ಭಾಳ ನಿಧಾನ, ಅದಕ್ಕೇ ಹಾಡು ತಡಿಯೂದು. ಮ್ಯಾಲಿಂದ ಮ್ಯಾಲೆ ಬರದ್ರ ಕಾರ್ಡೂ ಸವೀತದ, ಅವ್ವನ ಹಾಡು ಇದ್ದ ಅದೇ ಕಾರ್ಡು! ಹಿಂಗಾಗಿ ಸ್ವಾಪ್ ದೊಡ್ಡದು ಮಾಡೂಣು ಅಂತ ಮಗ ಅಂದಾಗ ನಾ ಒಪ್ಪಲಿಲ್ಲ. ಅಲ್ಲೂ ಜಾಗಾ ತೀರಿದ್ರ ಲಿನಕ್ಸ್ ಹೆಚ್ಚು ತಿನ್ನೂ ಪ್ರೋಗ್ರಾಮನ್ನೇ ಮುಗಿಸಿ ಹಾಕ್ತದ. ರಾತ್ರಿ ಫೋಟೋ ಮಾಯ ಆಗೂದು ಇದಕ್ಕೇ. 'ಡಿಮೆಸೇಜ್' ಅಂತ ಇನ್ನೊಂದು ಆಜ್ಞಾ ಅದ, ಅದರಾಗ 'ಔಟ್ ಆಫ್ ಮೆಮರಿ' ಅಂತ ಸ್ವಚ್ಛ ಬರದಿತ್ತು.

ಉಪಾಯ ಎರಡು ಮಾಡಿದ್ವಿ. ಫೋಟೋ ಎಲ್ಲಾ ಟಿವಿ ಅಳತೀಗೆ, 1920ಕ್ಕ 1080, ಸಣ್ಣವು ಮಾಡಿದ್ವಿ. ಈಗ ಒಂದು ತಗದ್ರ 6 ಎಂಬಿ ಅಷ್ಟ. ಮತ್ತ ದಿನಾ ನಸಿಕಿನ 4 ಗಂಟೆಕ್ಕ ಆ ಪ್ರೋಗ್ರಾಮು ತಾನೇ ಬಂದ್ ಆಗಿ ಮತ್ತ ಸುರು ಆಗೂ ಹಂಗ ಮಗ ಪುಣೆದಿಂದನೇ ಹಚ್ಚಿದ. ಈಗ ಸಂಜೀಕ ನೋಡಿದ್ರೂ 500ರ ಕೆಳಗ ಇಳಿಯೂದಿಲ್ಲ. ಒಂದು ರೂಪಾಯಿ ಖರ್ಚಾಗಲಿಲ್ಲ.

ಹಾಡಿನ ಒಂದು ಪೆನ್‌ಡ್ರೈವ್ ನಮ್ಮ ಕಪಾಟಿನ್ಯಾಗ ಅದ, ಇನ್ನೊಂದು ತಂಗಿ ಮನ್ಯಾಗ. ನಿಮ್ಮ ಫೋನಿನ್ಯಾಗೂ ಅತ್ತಿಯವರದೋ ಅಜ್ಜಿದೋ ದನಿ ಇದ್ದರ ಒಂದು ಪೆನ್‌ಡ್ರೈವ್ ತೊಗೊಂಡು ಬರ್ರಿ. ಮಧ್ಯಾಹ್ನ 3ರ ಮ್ಯಾಲೆ ನಾ ಖಾಲಿನೇ ಇರ್ತೀನಿ, ಚಹಾ ಕುಡಕೋತ ಇಳಿಸಿ ಕೊಡ್ತೀನಿ.