ಅಧ್ಯಾಪಕರ ಮಾತುಕತೆ ಮತ್ತು ಧಾರವಾಡದ ಗೆಳೆಯರ ಗುಂಪು

ಇಂದಿನ ಕಾಲೇಜುಗಳ ಅಧ್ಯಾಪಕರ ಕೊಠಡಿಯಲ್ಲಿ ಮಾತಿಗೆ ಕೊರತೆಯಿಲ್ಲ. ವೇಳಾಪಟ್ಟಿ, ಆಂತರಿಕ ಅಂಕಗಳು, ಮೌಲ್ಯಮಾಪನದ ಬಿಲ್ಲುಗಳು ಅಲ್ಲಿ ನಿತ್ಯದ ವಿಷಯ. ಆದರೆ ತರಗತಿಯಲ್ಲಿ ಬಿಡಿಸಲಾಗದೆ ಉಳಿದ ಒಂದು ಪದ್ಯದ ಅರ್ಥವನ್ನು ಒಬ್ಬರು ಮತ್ತೊಬ್ಬರಲ್ಲಿ ಕೇಳುವುದು ಅಪರೂಪ. ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ‘ಇದು ನನಗೆ ತಿಳಿಯಲಿಲ್ಲ’ ಎನ್ನಲು ಸಂಕೋಚ. ಆ ಸಂಕೋಚದಿಂದಾಗಿ ಅದೇ ಟಿಪ್ಪಣಿ, ಅದೇ ವ್ಯಾಖ್ಯಾನ ವರ್ಷದಿಂದ ವರ್ಷಕ್ಕೆ ಸಾಗಿ ಬರುತ್ತದೆ.

ಈ ಹಿನ್ನೆಲೆಯಲ್ಲಿ, 1922ರ ಸುಮಾರಿಗೆ ಧಾರವಾಡದಲ್ಲಿ ರೂಪುಗೊಂಡ ‘ಗೆಳೆಯರ ಗುಂಪು’ ಅಧ್ಯಾಪಕರ ಗಮನಕ್ಕೆ ಬರಬೇಕಾದ ನಿದರ್ಶನ. ಅದರ ಕೇಂದ್ರದಲ್ಲಿದ್ದ ದ. ರಾ. ಬೇಂದ್ರೆಯವರು ಪ್ರೌಢಶಾಲೆಯ ಶಿಕ್ಷಕರಾಗಿದ್ದವರು. ಶಂ. ಬಾ. ಜೋಶಿಯವರೂ ಶಿಕ್ಷಕರೇ. ಇಬ್ಬರೂ 1896ರಲ್ಲಿ ಹುಟ್ಟಿದವರು. ಒಬ್ಬರದು ಕಾವ್ಯದ ದಾರಿ, ಇನ್ನೊಬ್ಬರದು ಸ್ಥಳನಾಮ ಮತ್ತು ಸಂಸ್ಕೃತಿಗಳ ಸಂಶೋಧನೆಯ ದಾರಿ. ಬೆಟಗೇರಿ ಕೃಷ್ಣಶರ್ಮರು ಜಾನಪದದ ಸತ್ತ್ವವನ್ನು ತಂದರು. ಬೇಂದ್ರೆಯವರಿಗಿಂತ ಹದಿಮೂರು ವರ್ಷ ಕಿರಿಯರಾದ ವಿ. ಕೃ. ಗೋಕಾಕರೂ, ರಂ. ಶ್ರೀ. ಮುಗಳಿಯವರೂ ಎಳೆಯ ವಯಸ್ಸಿನಲ್ಲೇ ಈ ಬಳಗವನ್ನು ಸೇರಿದರು.

ಈ ಗುಂಪಿನ ಬಲವಿದ್ದುದು ಸದಸ್ಯರ ಭಿನ್ನತೆಯಲ್ಲಿ. ಕವಿಯ ಊಹೆಗೆ ಸಂಶೋಧಕ ಆಧಾರ ಕೇಳಬಲ್ಲ. ಸಂಶೋಧಕನ ಒಣ ವಿವರದಲ್ಲಿ ಕವಿ ಜೀವಂತ ಪದವೊಂದನ್ನು ಕಾಣಬಲ್ಲ. ಕಿರಿಯನ ಪ್ರಶ್ನೆ ಹಿರಿಯನ ನಂಬಿಕೆಯನ್ನು ಮತ್ತೊಮ್ಮೆ ಪರೀಕ್ಷೆಗೆ ಒಡ್ಡಬಲ್ಲದು. ಫಲವೂ ಒಂದೇ ಅಚ್ಚಿನದಾಗಲಿಲ್ಲ. ಮುಗಳಿಯವರು ‘ಕನ್ನಡ ಸಾಹಿತ್ಯ ಚರಿತ್ರೆ’ಯನ್ನು ಬರೆದರು, ಜೋಶಿಯವರು ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಯನ್ನು ಕೊಟ್ಟರು, ಇಂಗ್ಲಿಷ್ ಅಧ್ಯಾಪಕರಾದ ಗೋಕಾಕರು ಕನ್ನಡದ ಪ್ರಮುಖ ಕವಿಯಾದರು. ಇವೆಲ್ಲ ಮಾತುಕತೆಯಿಂದಲೇ ಹುಟ್ಟಿದವು ಎನ್ನುವುದು ಅತಿಶಯೋಕ್ತಿ. ಬರವಣಿಗೆಯ ಏಕಾಂತ ದುಡಿಮೆಗೆ ಬದಲಿಯಿಲ್ಲ. ಆದರೆ ಆ ದುಡಿಮೆಗೆ ಬೇಕಾದ ಧೈರ್ಯವನ್ನು ಅಂಥ ಬಳಗ ಒದಗಿಸುತ್ತದೆ.

ಅಧ್ಯಾಪಕರ ಸಭೆಗಳು ಇಂದೂ ನಡೆಯುತ್ತಿವೆ. ಪ್ರಾಂಶುಪಾಲರು ಮಾತನಾಡುತ್ತಾರೆ, ಉಳಿದವರು ಸಹಿ ಮಾಡುತ್ತಾರೆ. ಇದರ ಬದಲು ಹದಿನೈದು ದಿನಗಳಿಗೊಮ್ಮೆ ಒಂದು ಗಂಟೆ ಸಾಕು. ಒಂದು ಹಳಗನ್ನಡ ಪದ್ಯವನ್ನೋ ಒಂದು ಶಾಸನವನ್ನೋ ಮುಂದಿಟ್ಟುಕೊಂಡು ಕನ್ನಡ, ಇತಿಹಾಸ, ಗಣಿತಗಳ ಅಧ್ಯಾಪಕರು ಒಟ್ಟಿಗೆ ಕೂರಬಹುದು. ವರದಿ ಬೇಡ, ಪ್ರಮಾಣಪತ್ರವೂ ಬೇಡ. ಅಲ್ಲಿರುವ ಅತಿ ಹಿರಿಯರು ಮೊದಲಿಗೆ ತಮಗೆ ತಿಳಿಯದ ಸಾಲೊಂದನ್ನು ತೋರಿಸಿದರೆ, ಕಿರಿಯರ ಬಾಯಿ ತಾನಾಗಿ ತೆರೆಯುತ್ತದೆ. ಮರುದಿನದ ತರಗತಿಯಲ್ಲಿ ಆ ಬದಲಾವಣೆಯನ್ನು ಮೊದಲು ಗುರುತಿಸುವವರು ವಿದ್ಯಾರ್ಥಿಗಳು.