ಅಗ್ಗದ ಪಾಲಿಸಿ

ಹಾಸನದ ಹುಡುಗನಿಗೆ ಜರ್ಮನಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಅಮ್ಮ ಚಟ್ನಿಪುಡಿ ಕಟ್ಟುತ್ತಿದ್ದರೆ ಅಪ್ಪ ವಿಮೆಯ ಕಾಗದ ಹಿಡಿದು ಕೂತಿದ್ದರು. ಆರೋಗ್ಯ ವಿಮೆಯಿಲ್ಲದೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ದಾಖಲಾತಿಯೇ ಇಲ್ಲ. ಸಾರ್ವಜನಿಕ ವಿಮೆಗಿಂತ ಖಾಸಗಿ ಪಾಲಿಸಿಯೊಂದು ಅಗ್ಗವಾಗಿ ಕಂಡಿತು.

“ಇದನ್ನೇ ಮಾಡಿಸೋಣ ಕಣೋ.”

ಹುಡುಗನಿಗೆ ಚಿಕ್ಕಂದಿನಿಂದ ಉಬ್ಬಸ. ಮೊದಲೇ ಇದ್ದ ಕಾಯಿಲೆಯ ಖರ್ಚು ಕೊಡುವುದಿಲ್ಲವೆಂದು ಪಾಲಿಸಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿತ್ತು. ಸಾರ್ವಜನಿಕ ವಿಮೆಯಲ್ಲಿ ಆ ತಕರಾರಿಲ್ಲ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ರಿಯಾಯಿತಿ ದರವೂ ಉಂಟು. ಅದಕ್ಕಿಂತ ದೊಡ್ಡ ತೊಡಕು ಬೇರೆ: ವಿನಾಯಿತಿ ಪಡೆದು ಒಮ್ಮೆ ಖಾಸಗಿಗೆ ಹೋದರೆ, ಓದು ಮುಗಿಯುವವರೆಗೆ ಹಿಂದಿರುಗುವಂತಿಲ್ಲ. ಪಾಲಿಸಿ ಮಾರುವವರು ಇದನ್ನೇಕೆ ಮೊದಲು ಹೇಳಿಯಾರು!

ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

“ಅಪ್ಪಾ, ಇನ್‌ಹೇಲರ್ ಎಷ್ಟು ಇಟ್ಕೊಳ್ಳಲಿ?” ಹುಡುಗ ಕೋಣೆಯಿಂದ ಕೂಗಿದ.

“ಎರಡು ಸಾಕು. ಆಮೇಲಿಂದು ಅಲ್ಲೇ ಡಾಕ್ಟರ್ ಬರೆದುಕೊಡ್ತಾರೆ,” ಎಂದು ಕಾಗದ ಮಡಿಚಿಟ್ಟರು.